ಸನ್ನತಿಗೆ ಹೊಂಟ್ರ ಗುಡಿ ನೋಡಿ ಹಂಗೇ ತಿರುಗಿ ಬರಬ್ಯಾಡ್ರಿ, ಕನಗನಹಳ್ಳಿಗೂ ಹೋಗ್ರಿ

ಕಲಬುರಗಿ ಕಡೆ ಮಂದಿಗೆ ಸನ್ನತಿ ಅಂದ್ರ ಚಂದ್ರಲಾ ಪರಮೇಶ್ವರಿ ಅಷ್ಟೇ. ಅಮಾಸಿ ಹುಣ್ಣಿಮಿಗೆ ಗಾಡಿ ಮಾಡ್ಕೊಂಡು ಹೋಗೋದು, ಭೀಮಾ ಹೊಳ್ಯಾಗ ಕಾಲು ತೊಳ್ಕೊಂಡು ಕಾಯಿ ಒಡ್ಸೋದು, ಗಿಡದ ನೆಳ್ಳಾಗ ಬುತ್ತಿ ಬಿಚ್ಚಿ ಉಂಡು ಸಂಜಿಗೆ ಮನಿ ಮುಟ್ಟೋದು. ಅಲ್ಲಿಂದ ಎರಡು ಮೂರು ಕಿಲೋಮೀಟರ್ ಹೋದ್ರ ಕನಗನಹಳ್ಳಿಯಾಗ ಹತ್ತತ್ರ ಎರಡು ಸಾವಿರ ವರ್ಷದ ಹಿಂದ ಕಲ್ಲಿನ್ಯಾಗ ಕೆತ್ತಿದ ಚಿತ್ರ ಅವ, ದೊಡ್ಡ ಬೌದ್ಧ ಸ್ತೂಪ ಅದ, ಅಶೋಕ ಚಕ್ರವರ್ತಿ ಹೆಸರು ಸಹಿತ ಅವನ ಮೂರ್ತಿ ಸಿಕ್ಕ ಜಾಗ ಅದು, ಆದ್ರೂ ನಮ್ಮ ಕಡೆ ಮಂದಿ ಅರ್ಧಕ್ಕ ಅರ್ಧ ಅಲ್ಲಿ ಕಾಲೇ ಇಟ್ಟಿಲ್ಲ. ಈ ಸಲ ಅವ್ವನ್ನ ಮತ್ತ ತಂಗಿ ಮಕ್ಕಳನ್ನ ಕರ್ಕೊಂಡು ಎರಡೂ ಕಡೆ ಆರಾಮ ನೋಡ್ಕೊಂಡು ಬಂದೆ, ಹೋಗೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದ್ಲು ಹಾದಿ. ಕಲಬುರಗಿಯಿಂದ ಸುಮಾರು 60-70 ಕಿ.ಮೀ. ಆಗ್ತದ, ಯಾವ ಹಾದಿ ಹಿಡೀತೀರಿ ಅದರ ಮ್ಯಾಲ. ನಾವು ಶಹಾಬಾದ, ವಾಡಿ, ನಾಲವಾರ ಮ್ಯಾಲಿಂದ ಹೋದ್ವಿ. ಟ್ರೇನಿಗೆ ಬರೋರು ವಾಡಿ ಇಲ್ಲಾ ಯಾದಗಿರಿಗೆ ಇಳೀರಿ, ನಾಲವಾರ ಸ್ಟೇಷನ್ ಹತ್ರ ಅದ ಖರೆ, ಸುಮಾರು 20 ಕಿ.ಮೀ. ಅಷ್ಟೇ, ಆದ್ರ ಎಲ್ಲಾ ಗಾಡಿ ಅಲ್ಲಿ ನಿಲ್ಲಂಗಿಲ್ಲ. ಬಸ್ಸಿಗೆ ಹೋಗೋದಾದ್ರ ಹೆಣ್ಮಕ್ಕಳು ಆಧಾರ್ ಕಾರ್ಡ್ ಮರೀಬ್ಯಾಡ್ರಿ, ಶಕ್ತಿ ಯೋಜನೆ ಟಿಕೆಟ್ ಸಿಗ್ತದ. ಇಳಿದ ಕೂಡ್ಲೇ ಮಾಡೋ ಮೊದಲ ಕೆಲ್ಸ ಅಂದ್ರ ವಾಪಸ್ ಹೋಗೋ ಕಡೀ ಬಸ್ ಎಷ್ಟಕ್ಕ ಅಂತ ಕಂಡಕ್ಟರನ್ನ ಕೇಳೋದು. ಆಟೋದವ್ರು ಸನ್ನತಿಯಿಂದ ಕನಗನಹಳ್ಳಿಗೆ ಬಿಟ್ಟು ಹೊಂಟುಬಿಟ್ರ ಬಿಸಲಾಗ ಮತ್ತೊಂದು ಆಟೋ ಹುಡುಕೋದು ಆಗಂಗಿಲ್ಲ, ಅದಕ್ಕ ಅಲ್ಲೇ ನಿಂತು ವಾಪಸ್ ಕರ್ಕೊಂಡು ಬರೋದೂ ಸೇರಿ ರೇಟ್ ಮಾತಾಡಿ ಆಮ್ಯಾಲ ಹತ್ರಿ. ಸ್ವಂತ ಗಾಡಿ ಇದ್ರ ಸುಖ.

ಸನ್ನತಿ ಗುಡಿ ಬಗ್ಗೆ ಭಾಳ ಹೇಳಂಗಿಲ್ಲ, ಎಲ್ರಿಗೂ ಗೊತ್ತು. ಮಂಗಳವಾರ, ಶುಕ್ರವಾರ, ಅಮಾಸಿ, ಹುಣ್ಣಿಮಿ ಅಂದ್ರ ರಶ್ ಇರ್ತದ, ದರ್ಶನಕ್ಕ ಬಂದ್ರ ಆ ದಿನಾನೇ ಬರ್ರಿ, ಕಲ್ಲು ನೋಡ್ಬೇಕಂತ ಬಂದ್ರ ಆ ದಿನ ಬಿಟ್ಟು ಬರ್ರಿ. ಆದ್ರ ಇದೇ ಆವರಣದಾಗ ಒಂದು ಕಾಳಿ ಗುಡಿ ಇತ್ತು, ಅದರ ಕಥಿ ತಿಳ್ಕೊಂಡು ಹೋದ್ರ ಮಜಾ ಬರ್ತದ. 1986ರಾಗ ಆ ಗುಡಿ ಛತ್ತು ಕುಸೀತು, ದೇವಿ ಮೂರ್ತಿ ಒಡೀತು, ಮಂದಿ ಕೆಟ್ಟಾತು ಕೆಟ್ಟಾತು ಅಂತ ಅಳೋ ಹೊತ್ತಿನ್ಯಾಗ ಕೆಳಗ ಪೀಠ ನೋಡಿದ್ರ ಅದು ಅಶೋಕನ ಶಾಸನ! ಎರಡೂ ಮೈಗೆ ಬ್ರಾಹ್ಮಿ ಅಕ್ಷರ, ಭಾಷೆ ಪ್ರಾಕೃತ. ಮೂರ್ತಿ ಕೂಡಿಸ್ಲಿಕ್ಕೆ ಅಂತ ಯಾರೋ ಹಿಂದಿನ ಕಾಲದಾಗ ಕಲ್ಲಿನ ನಡುವ ಚೌಕಾಕಾರ ತೂತು ಕೊರ್ದಾರ, ಆ ಜಾಗದ ಅಕ್ಷರ ಎಲ್ಲಾ ಹೋಗ್ಯಾವ. ಉಳ್ದಿದ್ದನ್ನ ಓದಿದವ್ರು ಹೇಳೋದು ಏನಂದ್ರ ಅಶೋಕನ 14 ದೊಡ್ಡ ಶಿಲಾಶಾಸನದಾಗಿನ 12ನೇದು ಮತ್ತ 14ನೇದು ಅದರಾಗ ಅವ, ಜೊತಿಗೆ ಒಡಿಶಾದ ಧೌಲಿ ಮತ್ತ ಜೌಗಡದಾಗ ಮಾತ್ರ ಸಿಕ್ಕಿದ್ದ ಎರಡು ಬ್ಯಾರೆ ಶಾಸನಾನೂ ಇಲ್ಲಿ ಅವ. 12ನೇದರಾಗ ಏನದ ಗೊತ್ತೇನ್ರಿ, ನಿನ್ನ ಪಂಥ ಹೊಗಳೋ ಸಲುವಾಗಿ ಇನ್ನೊಬ್ರ ಪಂಥ ಹಳೀಬ್ಯಾಡ ಅಂತ. ಆ ಮಾತು ಬರ್ದ ಕಲ್ಲಿನ ಮ್ಯಾಲ ಕಾಳವ್ವ ಎಷ್ಟೋ ವರ್ಷ ಕುಂತಿದ್ಲು! ಶಾಸನ ನೋಡೋ ಆಸೆ ಇದ್ರ ಈಗ ಎಲ್ಲಿಟ್ಟಾರ, ನೋಡ್ಲಿಕ್ಕೆ ಬಿಡ್ತಾರೇನು ಅಂತ ಅಲ್ಲಿರೋ ಸಿಬ್ಬಂದಿನ್ನ ಮೊದ್ಲೇ ಕೇಳ್ರಿ, ಸುಮ್ನ ಗುಡಿ ತುಂಬಾ ಹುಡುಕ್ಯಾಡಬ್ಯಾಡ್ರಿ.

ಈಗ ಕನಗನಹಳ್ಳಿ. ನನ್ನ ಪ್ರಕಾರ ಟೈಮ್ ಇಡಬೇಕಾದ್ದು ಇಲ್ಲಿಗೇ. ಕಡಿಮಿ ಅಂದ್ರ ಎರಡು ತಾಸು.

1994ರಿಂದ ಪುರಾತತ್ವ ಇಲಾಖೆಯವ್ರು ಅಗೀಲಿಕ್ಕೆ ಶುರು ಮಾಡಿದ್ಮ್ಯಾಲ ಮಣ್ಣಾಗಿಂದ ಸ್ತೂಪ ಹೊರಗ ಬಂತು. ಶಾಸನದಾಗ ಇದರ ಹೆಸರು ಅಧಾಲಕ ಮಹಾಚೈತ್ಯ ಅಂತ ಅದ. ಗುಮ್ಮಟದ ಮೈಗೆ ಹೊಂದಿಸಿದ್ದ ಆಳೆತ್ತರದ ದೊಡ್ಡ ದೊಡ್ಡ ಫಲಕ ಎಲ್ಲಾ ಉರುಳಿ ಬಿದ್ದು ಒಡದಿದ್ವು, ಅವನ್ನ ಮತ್ತ ಜೋಡ್ಸೋ ಕೆಲ್ಸ 2022ರಾಗ ಸುರು ಆಗ್ಯದ. ಹಂಗಾಗಿ ನೀವು ಹೋದಾಗ ಯಾವ ಫಲಕ ಎದ್ದು ನಿಂತಿರ್ತದ, ಯಾವುದು ಶೆಡ್ಡಿನ್ಯಾಗ ಇರ್ತದ ಅನ್ನೋದು ಕೆಲ್ಸ ಎಲ್ಲಿಗೆ ಬಂದದ ಅನ್ನೋದರ ಮ್ಯಾಲ ಹೋಗ್ತದ. ಫೋಟೋ ಬ್ಯಾಡ ಅಂದ್ರ ವಾದ ಮಾಡಬ್ಯಾಡ್ರಿ, ಮೊಬೈಲ್ ಜೇಬಿನಾಗ ಇಟ್ಟು ಕಣ್ಣಿಂದ ನೋಡ್ರಿ. ಕಾವಲಿನ ಕಾಕಾ ಒಬ್ರು ಇದ್ರು, ಅವ್ವ ಅವ್ರಿಗೆ "ಯಣ್ಣಾ, ಇಷ್ಟೆಲ್ಲಾ ಮಾಡ್ಸಿದ್ದು ಯಾವ ರಾಜಾ?" ಅಂತ ಕೇಳಿದ್ಲು. "ರಾಜಾ ಒಬ್ಬನೇ ಅಲ್ರಿ ಯಕ್ಕಾ, ನಮ್ಮಂಥಾ ಮಂದಿನೂ ರೊಕ್ಕಾ ಕೊಟ್ಟಾರ" ಅಂದ್ರು. ಅದು ಖರೇನ. ಇಲ್ಲಿನ ಸಣ್ಣ ಸಣ್ಣ ಶಾಸನದಾಗ ಭಿಕ್ಷುಗಳು, ಭಿಕ್ಷುಣಿಗಳು, ಸಾದಾ ಗೃಹಸ್ಥರು ಕಲ್ಲು ದಾನ ಕೊಟ್ಟಿದ್ದು ಬರ್ದದ. ಈಗ ನಾವು ಗುಡಿ ಪರ್ಸಿ ಮ್ಯಾಲ ಇಂಥವರ ಸೇವಾ ಅಂತ ಹೆಸರು ಹಾಕಿಸ್ತೀವಲ್ಲ, ಹಂಗ.

ಪರ್ಸಿ ಅಂದಾಗ ನೆನಪಾತು, ಈ ಮೂರ್ತಿ ಎಲ್ಲಾ ಇದೇ ಸೀಮಿ ಸುಣ್ಣದಕಲ್ಲಿನ್ಯಾಗ ಮಾಡಿದ್ದು. ಮನ್ಯಾಗ ನೆಲಕ್ಕ ಹಾಕೋ ಶಹಾಬಾದಿ ಕಲ್ಲೂ ಸುಣ್ಣದಕಲ್ಲೇ, ವಾಡಿ ಸಿಮೆಂಟ್ ಫ್ಯಾಕ್ಟರಿಗೆ ಹೋಗೋದೂ ಅದೇ. ಹೋಗೋ ಹಾದ್ಯಾಗ ಎರಡೂ ಕಡಿ ಖಣಿ ನೋಡ್ಕೊಂಡು ಹೋಗಿ ಇಲ್ಲಿ ಬಂದು ಅಂಥಾದ್ರಾಗೇ ರಾಣಿ ಸೀರಿ ನೆರಿಗಿ ಕೆತ್ತಿದ್ದು ನೋಡಿದ್ರ ತಲಿ ತಿರುಗ್ತದ.

ಅಶೋಕನ ಫಲಕ ಎಲ್ರೂ ಮೊದ್ಲು ಕೇಳ್ತಾರ. ನಡುವ ರಾಜಾ, ಬಾಜೂಕ ರಾಣಿ, ಸುತ್ತ ಛತ್ರಿ ಚಾಮರ ಹಿಡಿದ ಹೆಣ್ಮಕ್ಕಳು, ಮ್ಯಾಲ ಬ್ರಾಹ್ಮಿಯಾಗ "ರಾಯೋ ಅಸೋಕೋ" ಅಂತ ಹೆಸರು, ಪೇಪರಿನವ್ರು ಇದನ್ನೇ ರಾಣ್ಯೋ ಅಶೋಕ ಅಂತ ಬರೀತಾರ. ಒಂದು ಮಾತು, ಇದು ಅಶೋಕನ್ನ ಎದುರಿಗೆ ಕೂಡ್ಸಿ ಕೆತ್ತಿದ್ದಲ್ಲ, ಅವ ಸತ್ತು ಎಷ್ಟೋ ತಲಿಮಾರು ಆದ್ಮ್ಯಾಲ ಶಾತವಾಹನರ ಕಾಲದ ಶಿಲ್ಪಿ ಮನಸ್ಸಿನ್ಯಾಗ ಕಂಡಂಗ ಮಾಡಿದ್ದು. ಹಂಗಾಗಿ ಅಶೋಕ ಹಿಂಗೇ ಇದ್ದ ಅಂತ ಮಕ್ಕಳಿಗೆ ಹೇಳ್ಬ್ಯಾಡ್ರಿ. ಅಶೋಕನ್ನ ನೋಡಿ ಸೆಲ್ಫಿ ಹೊಡ್ಕೊಂಡು ಹೊಂಟುಬಿಡೋರು ಭಾಳ, ನನಗ ಅದಕ್ಕಿಂತ ಹಿಡಿಸಿದ್ದು ಶಾತವಾಹನ ರಾಜರ ಫಲಕಗಳು. ಮಂತಲಕ, ಸುಂದರ ಸಾತಕಣಿ ಅಂತ ಒಬ್ಬೊಬ್ಬರ ಹೆಸರು ಬರ್ದಾರ, ಪುಳುಮಾವಿ ಉಜ್ಜಯಿನಿ ಬಿಟ್ಟುಕೊಡೋ ದೃಶ್ಯ ಅಂತ ಹೆಸರಿರೋ ಒಂದು ಫಲಕಾನೂ ಅದ. ಪುರಾಣದ ಪಟ್ಟಿಯಾಗ ಬರೀ ಹೆಸರಾಗಿ ಉಳ್ದಿದ್ದ ರಾಜರಿಗೆ ಇಲ್ಲಿ ಮಾರಿ ಸಿಕ್ಕಂಗಾಗ್ಯದ. ಇನ್ನ ಬುದ್ಧನ ಜೀವನದ ಪ್ರಸಂಗ, ಅವನ ಹಿಂದಿನ ಜನ್ಮದ ಜಾತಕ ಕಥಿ, ಬೋಧಿವೃಕ್ಷ, ಧರ್ಮಚಕ್ರ ಇವೆಲ್ಲಾ ಅವ. ಹಳೇ ಫಲಕದಾಗ ಬುದ್ಧ ಮನಷಾನ ರೂಪದಾಗ ಇರಂಗಿಲ್ಲ, ಖಾಲಿ ಆಸನ, ಪಾದ, ಗಿಡ ಇಷ್ಟೇ ಕೆತ್ತಿ ಅವ ಇದ್ದಾನ ಅಂತ ತೋರ್ಸ್ತಾರ, ಇದು ಗೊತ್ತಿಲ್ದ ನೋಡಿದ್ರ ಮಂದಿ ಯಾಕ ಖಾಲಿ ಆಸನಕ್ಕ ಕೈ ಮುಗೀತಾರ ಅನಸ್ತದ.

ಮಕ್ಕಳು ಬ್ಯಾಸತ್ರ ಒಂದು ಆಟ ಹೇಳ್ತೀನಿ. ಬ್ರಾಹ್ಮಿಯಾಗ ಕ ಅಂದ್ರ ಗಣಿತದ ಕೂಡ್ಸೋ ಚಿಹ್ನೆ, ಗ ಅಂದ್ರ ಗುಡಿಸಲ ಮಾಡು, ಥ ಅಂದ್ರ ಗೋಲದಾಗ ಒಂದು ಚುಕ್ಕಿ. ಈ ಮೂರು ಅಂಗೈ ಮ್ಯಾಲ ಬರ್ದು ಕೊಟ್ಟು ಹುಡುಕ್ರಿ ಅಂದ್ರ ಸಾಕು, ನಮ್ಮ ಹುಡುಗ್ರು ಫಲಕದಿಂದ ಫಲಕಕ್ಕ ಓಡ್ಯಾಡಿದ್ರು, ಮನಿಗೆ ಹೋಗೂಣು ಅನ್ನೋ ಮಾತೇ ಬರ್ಲಿಲ್ಲ. ಮುಟ್ಟಬಾರ್ದು ಅಂತ ಮಾತ್ರ ಮೊದ್ಲೇ ಹೇಳ್ರಿ, ಸುಣ್ಣದಕಲ್ಲು, ಕೈಯಾಡಿಸಿ ಆಡಿಸಿ ಸವೀತದ.

ಹೊತ್ತು ಭಾಳ ಮುಖ್ಯ. ನಡು ಮಧ್ಯಾಹ್ನ ಬಿಸಲು ನೆತ್ತಿ ಮ್ಯಾಲ ಇದ್ದಾಗ ಕೆತ್ತನಿ ಎಲ್ಲಾ ಸಪ್ಪಟ ಕಾಣ್ತದ, ಅಕ್ಷರ ಅಂತೂ ಕಾಣಂಗೇ ಇಲ್ಲ. ಮುಂಜಾನಿ ಎಂಟೊಂಬತ್ತಕ್ಕ ಇಲ್ಲಾ ಸಂಜಿ ನಾಕರ ಮ್ಯಾಲ ಬಿಸಲು ಓರಿ ಬೀಳ್ತದ, ಆವಾಗ ಒಂದೊಂದು ಗೆರಿಗೂ ನೆಳ್ಳು ಹುಟ್ಟಿ ಕಿವಿ ವಾಲಿ, ಕಾಲಗಡಗ, ಕುದುರಿ ಲಗಾಮು ಎಲ್ಲಾ ಎದ್ದು ಬರ್ತಾವ. ಅದಕ್ಕ ಮುಂಜಾನಿ ಮೊದ್ಲು ಕನಗನಹಳ್ಳಿ, ಆಮ್ಯಾಲ ದೇವಿ ದರ್ಶನ ಅಂತ ಇಟ್ಕೋರಿ. ಮನ್ಯಾಗ ಹಿರ್ಯಾರು ಮೊದ್ಲು ದೇವರು ಅಂತಾರ, ನಮ್ಮವ್ವನೂ ಅಂದ್ಲು, ಅವಳನ್ನ ಒಪ್ಪಿಸೋದೇ ದೊಡ್ಡ ಕೆಲ್ಸ ಆತು.

ನವೆಂಬರದಿಂದ ಫೆಬ್ರವರಿ ಛಲೋ. ಏಪ್ರಿಲ್ ಮೇದಾಗ ನಮ್ಮ ಕಡೆ ಬಿಸಲು 42-43 ದಾಟ್ತದ, ಬಯಲಿನ ಜಾಗ, ದೂರದಿಂದ ಬರೋರು ಆ ಹೊತ್ತಿನ್ಯಾಗ ಬರಲೇಬ್ಯಾಡ್ರಿ. ಮಳಿಗಾಲದಾಗ ಭೀಮಾ ತುಂಬಿದ್ರ ಹಾದಿ ನಂಬಂಗಿಲ್ಲ, ಎರೀ ಮಣ್ಣು ಬ್ಯಾರೆ, ಬೂಟಿಗೆ ಹತ್ತಿತಂದ್ರ ಕಾಲು ಎತ್ತಲಿಕ್ಕೆ ಆಗಂಗಿಲ್ಲ. ನೀರು, ಟೋಪಿಗಿ, ಊಟ ಎಲ್ಲಾ ಕಲಬುರಗಿ ಇಲ್ಲಾ ವಾಡಿಯಿಂದಾನೇ ತಗೊಂಡು ಹೋಗ್ರಿ. ಸನ್ನತಿಯಾಗ ಕಾಯಿ ಕರ್ಪೂರದ ಅಂಗಡಿ, ಚಾ, ಮಿರ್ಚಿ ಭಜಿ ಸಿಗ್ತಾವ, ಹೊಟ್ಟಿ ತುಂಬಾ ಊಟ ಅಂತ ಕಾಯ್ಕೊಂಡು ಕೂಡಬ್ಯಾಡ್ರಿ. ನಾವು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಕಟ್ಕೊಂಡು ಹೋಗಿದ್ವಿ, ಮಸರು ಮಾತ್ರ ಬಿಸಲಿಗೆ ಹುಳಿ ಆತು. ಹೆಣ್ಮಕ್ಕಳು, ವಯಸ್ಸಾದವ್ರು ಜೊತಿಗಿದ್ರ ಟಾಯ್ಲೆಟ್ ಕೆಲ್ಸ ವಾಡಿಯಾಗೇ ಮುಗಿಸ್ಕೊಂಡು ಹೊಂಡ್ರಿ. ವಸತಿ ಅಂದ್ರ ಕಲಬುರಗಿ ಇಲ್ಲಾ ಯಾದಗಿರಿ.

ಇದರ ಜೊತಿಗೆ ಒಂದೇ ದಿನದಾಗ ಮಳಖೇಡ ಕೋಟಿನೂ ಮುಗಿಸ್ತೀವಿ ಅನ್ನೋರು ಅದಾರ, ನಾ ಬ್ಯಾಡ ಅಂತೀನಿ, ಓಡಿ ಓಡಿ ಯಾವುದೂ ನೋಡಿದಂಗಾಗಂಗಿಲ್ಲ. ಗಾಡಿ ಇದ್ದು ಹೊತ್ತು ಉಳಿದ್ರ ಚಿತ್ತಾಪುರ ಹತ್ರದ ನಾಗಾವಿಗೆ ಹೊಳ್ಳಿಸ್ರಿ. ಹಳೇ ವಿದ್ಯಾಪೀಠದ ಊರು ಅದು, 1058ರ ಶಾಸನದಾಗ 200 ಮಂದಿ ವೇದ ಓದೋರು, 50 ಮಂದಿ ಶಾಸ್ತ್ರ ಓದೋರು, ಪುಸ್ತಕ ನೋಡ್ಕೊಳ್ಲಿಕ್ಕೇ 6 ಮಂದಿ ಸರಸ್ವತೀ ಭಂಡಾರಿಗರು ಅಂತ ಲೆಕ್ಕ ಬರ್ದಿಟ್ಟಾರ. ಅರವತ್ತು ಕಂಬದ ಗುಡಿ ಅಂತ ಕೇಳಿದ್ರ ಊರಾಗ ಯಾರ ಬೇಕಾದ್ರೂ ಹಾದಿ ಹೇಳ್ತಾರ, ಹೊತ್ತು ಮುಳುಗೋದ್ರೊಳಗ ಮುಟ್ಟ್ರಿ, ಒಳಗ ಕತ್ತಲ ಇರ್ತದ, ಮೊಬೈಲ್ ಚಾರ್ಜ್ ಉಳಿಸ್ಕೊಂಡಿದ್ರ ಟಾರ್ಚಿಗೆ ಆಗ್ತದ.