ಕಟ್ಟು ನಮಗೆ, ಕಾಳು ದನಕ್ಕೆ

ಮಾಂಸ ಬಿಟ್ಟರೆ ನಾಲಿಗೆ ಕಾಡುತ್ತೆ ಅಂತ ಎಲ್ಲರೂ ಹೆದರಿಸಿದ್ದರು. ಹೊಟ್ಟೆ ಕಾಡುತ್ತೆ ಅಂತ ಒಬ್ಬರೂ ಹೇಳಿರಲಿಲ್ಲ. ಬೆಳಿಗ್ಗೆ ಚಟ್ನಿ ಜೊತೆ ನಾಲ್ಕು ದೋಸೆ ಬಾರಿಸಿ ಶಿವಮೊಗ್ಗದ ಆಫೀಸಿಗೆ ಬಂದು ಕೂತರೆ ಹನ್ನೊಂದು ಗಂಟೆಗೆಲ್ಲ ಹೊಟ್ಟೆ ಚುರುಗುಟ್ಟೋದು. ಕೆಳಗಿಳಿದು ಖಾರ ಮಂಡಕ್ಕಿ ತಿಂದು ಬಂದರೆ ಮುಕ್ಕಾಲು ಗಂಟೆ ಸಮಾಧಾನ, ಆಮೇಲೆ ಮತ್ತೆ ಅದೇ ರಾಗ. ಬಿಟ್ಟಿದ್ದು ಯಾಕೆ ಅನ್ನೋದು ಬೇರೆ ಕಥೆ, ಅದು ಇಲ್ಲಿ ಬೇಡ.

ಈ ಹಸಿವಿನ ಗುಟ್ಟು ಗೊತ್ತಾಗಿದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ತೋಟಕ್ಕೆ ಮದ್ದು ಹೊಡೆಯೋ ದಿನ. ಅಡಿಕೆ ಇರುವವರಿಗೆ ಹೇಳಬೇಕಿಲ್ಲ, ಮಳೆಗಾಲ ಹಿಡಿಯೋ ಹೊತ್ತಿಗೆ ಒಂದು ಸಲ, ಆಮೇಲೆ 40–45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆ ರೋಗ ಬಂದು ಕಾಯೆಲ್ಲ ಮರದ ಬುಡದಲ್ಲೇ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದನ್ನು ಬೆರೆಸೋದು, ಡ್ರಮ್ಮು ತುಂಬಿಸೋದು, ಮರದ ಮೇಲಿರುವವರಿಗೆ ಕೆಳಗಿನಿಂದ ಪೈಪು ಎಳೆದುಕೊಡೋದು ನನ್ನ ಪಾಲಿನ ಕೆಲಸ. ಕಾಲಡಿ ಕೆಸರು, ಕಾಲಿಗೆ ರಕ್ತ ಹೀರೋ ಉಂಬಳ.

ಮದ್ದಿನ ದಿನ ನಮ್ಮಲ್ಲಿ ಬೆಳಿಗ್ಗೆ ಕಡುಬು, ಕೋಳಿ ಸಾರು. ಎಲ್ಲರಿಗೂ ಸಾರು, ನನಗೆ ಕಾಯಿ ಚಟ್ನಿ. ಎಲ್ಲರಿಗಿಂತ ಎರಡು ಕಡುಬು ಜಾಸ್ತಿಯೇ ತಿಂದೆ. ಆದರೂ ಹತ್ತೂವರೆಗೆ ಕೈ ನಡುಗೋಕೆ ಶುರುವಾಯಿತು. ನನಗಿಂತ ಕಡಿಮೆ ತಿಂದ, ವಯಸ್ಸಿನಲ್ಲೂ ನನಗಿಂತ ದೊಡ್ಡವರಾದ, ಮರ ಹತ್ತಿ ಮದ್ದು ಹೊಡೆಯೋ ಕೊನೆಗಾರರು ಮರದಿಂದ ಮರಕ್ಕೆ ಆರಾಮಾಗಿ ದಾಟುತ್ತಿದ್ದರು. ನಾನು ಡ್ರಮ್ಮಿಗೆ ಒರಗಿ ನಿಂತಿದ್ದು ಮೇಲಿನಿಂದಲೇ ಕಂಡಿರಬೇಕು. "ಎಂಥ ತಮ್ಮಾ, ಕಡುಬಿಗೆ ಕಡುಬನ್ನೇ ನೆಂಚಿಕೊಂಡ್ಯಾ?" ಅಂದರು.

ತಮಾಷೆಗೆ ಅಂದಿದ್ದು, ಆದರೆ ಲೆಕ್ಕ ಸರಿ ಇತ್ತು ಅಲ್ವಾ?

ಮಧ್ಯಾಹ್ನ ಅಮ್ಮ ನನಗೆ ಅಂತಲೇ ಹುರುಳಿ ಕಟ್ಟಿನ ಸಾರು, ಅಂದರೆ ಕಾಳು ಬೇಯಿಸಿ ಬಸಿದ ನೀರಿನ ಸಾರು ಮಾಡಿದ್ದಳು. ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಕಪ್ಪು ಸಾರು, ಬಿಸಿ ಅನ್ನ. ರುಚಿಗೆ ಎರಡು ಮಾತಿಲ್ಲ. ಕೈ ತೊಳೆಯೋಕೆ ಹಿತ್ತಿಲಿಗೆ ಹೋದರೆ ಅಮ್ಮ ಕೊಟ್ಟಿಗೆ ಬಾಗಿಲಲ್ಲಿ ಬಕೆಟ್ಟಿಗೆ ಅಕ್ಕಿ ತೊಳೆದ ಅಕ್ಕಚ್ಚು ಸುರಿದು, ಅದರ ಮೇಲೆ ಒಂದು ಪಾತ್ರೆ ಬೆಂದ ಹುರುಳಿ ಬಗ್ಗಿಸುತ್ತಿದ್ದಳು. ಇನ್ನೂ ಹಬೆಯಾಡುವ, ಒಡೆದು ಹಿಟ್ಟು ಕಾಣುವ ಕಾಳು.

"ಕಾಳೆಲ್ಲ ಅದಕ್ಕೆ ಯಾಕೆ ಹಾಕ್ತಿ?"

"ಮತ್ತೆ ಅದು ಹಾಲು ಕೊಡೋದು ಬೇಡ್ವಾ?"

ದನ ಹಾಲು ಕೊಡಬೇಕಾದರೆ ಕಾಳು ಬೇಕು ಅಂತ ಅಮ್ಮನಿಗೆ ಗೊತ್ತು. ಮಗ ಪೈಪು ಎಳೆಯೋಕೆ ಕಟ್ಟು ಸಾಕು. ಬೇಯಿಸಿದ ನೀರಿಗೆ ಒಂದಿಷ್ಟು ಸಾರ ಇಳಿಯುತ್ತೆ ನಿಜ, ಆದರೆ ಪ್ರೋಟೀನು, ನಾರು ಬಹುಪಾಲು ಕಾಳಿನಲ್ಲೇ ಉಳಿದಿರುತ್ತೆ. ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ಕಿತ್ತುಕೊಂಡು ಬಂದು ಈರುಳ್ಳಿ, ಕಾಯಿತುರಿ ಹಾಕಿ, ನಿಂಬೆಹಣ್ಣು ಹಿಂಡಿಕೊಂಡು ತಿಂದೆ. ಸಂಜೆ ಕಾಫಿವರೆಗೂ ಹೊಟ್ಟೆ ತುಟಿಪಿಟಕ್ ಅನ್ನಲಿಲ್ಲ.

ನನಗನ್ನಿಸೋದು ಇಷ್ಟು. ನಮ್ಮಂಥ ಮನೆಗಳಲ್ಲಿ ಮಾಂಸ ಇಲ್ಲದ ಊಟ ಅಂದರೆ ಶನಿವಾರದ್ದೋ ಸೋಮವಾರದ್ದೋ ಊಟ. ನಾಳೆ ಮೀನು ತಂದರಾಯಿತು, ಇವತ್ತು ಹೇಗೋ ಒಂದು ಅಂತ ಮಾಡೋದು. ತಿಳಿ ಸಾರು, ಒಂಚೂರು ಸೊಪ್ಪಿನ ಪಲ್ಯ, ಗುಡ್ಡೆ ಅನ್ನ. ವಾರಕ್ಕೊಂದು ದಿನ ಅದು ಚಂದ. ಅದನ್ನೇ ದಿನಾ ಉಂಡರೆ ಹನ್ನೊಂದು ಗಂಟೆಗೆ ಚುರುಗುಟ್ಟದೆ ಇನ್ನೇನು? ತಲೆಮಾರುಗಳಿಂದ ಮಾಂಸ ಮುಟ್ಟದವರ ಊಟದ ಕ್ರಮವೇ ಬೇರೆ, ಬೇಳೆ ಹಾಕಿದ ಹುಳಿ, ಕೋಸಂಬರಿ, ತುಪ್ಪ, ಕೊನೆಗೆ ಮೊಸರು. ಅವರ ಮನೆಯಲ್ಲಿ ಅದು "ಹೇಗೋ ಒಂದು" ಅಲ್ಲ, ಅದೇ ಊಟ.

ಲೆಕ್ಕ ಬೇಕು ಅನ್ನೋರಿಗೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಮ್ ಪ್ರೋಟೀನು ಬೇಕು. 65 ಕೆಜಿ ಇದ್ದರೆ 54 ಗ್ರಾಮ್. 100 ಗ್ರಾಮ್ ಅನ್ನದಲ್ಲಿ ಸಿಗೋದು ಎರಡೂವರೆ ಗ್ರಾಮ್ ಆಸುಪಾಸು. ಒಣ ಹುರುಳಿಯಲ್ಲಿ 22ರ ಹತ್ತಿರ ಅಂತ ಓದಿ ಖುಷಿಪಡಬೇಡಿ, ಬೆಂದರೆ ನೀರು ಕುಡಿದು ಉಬ್ಬುತ್ತೆ, ಬೆಂದ 100 ಗ್ರಾಮ್‌ಗೆ ಅದರ ಮೂರನೇ ಒಂದು ಪಾಲಷ್ಟೇ ಲೆಕ್ಕ ಹಿಡಿಯಬೇಕು. ಅಂದರೆ ಕೋಳಿಯ ಜಾಗಕ್ಕೆ ಎರಡು ಚಮಚ ಕಾಳು ಸಾಲದು, ಬಟ್ಟಲು ತುಂಬ ಬೇಕು.

ಹಾಗಂತ ಮೊದಲ ದಿನವೇ ಬಟ್ಟಲು ತುಂಬ ತಿಂದರೆ ಮೀಟಿಂಗಿನಲ್ಲಿ ಕೂರೋದು ಕಷ್ಟ, ಹೊಟ್ಟೆ ಮಾತಾಡುತ್ತೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ, ಇಂಗು ಹಾಕಿ, ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿಕೊಂಡೆ. ಈಗ ದೋಸೆ ಜೊತೆ ಕಡಲೆ ಗಸಿಯೋ ಹೆಸರುಕಾಳಿನ ಪಲ್ಯವೋ ಇರಲೇಬೇಕು, ಆಫೀಸಿನ ಡ್ರಾಯರಿನಲ್ಲಿ ಹುರಿದ ಶೇಂಗಾ. ಊಟ ಆದ ಕೂಡಲೇ ಟೀ ಕುಡಿಯೋದು ಬಿಟ್ಟಿದ್ದೇನೆ, ಕಾಳು ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತೋಕೆ ಟೀ ಅಡ್ಡ. ಬಿ12 ವಿಟಮಿನ್ ಕಾಳಿನಲ್ಲಿ ಇಲ್ಲವೇ ಇಲ್ಲ, ಅದಕ್ಕೆ ಹಾಲು ಮೊಸರು ಬಿಟ್ಟಿಲ್ಲ. ಊರಿಗೆ ಹೋದರೆ ಕೆಮ್ಮಣ್ಣು ಮೆತ್ತಿ ಇಟ್ಟ ಹಲಸಿನ ಬೀಜ ಇರುತ್ತೆ, ಒಲೆಯಲ್ಲಿ ಸುಟ್ಟು ತಿನ್ನುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ.

ಅಮ್ಮ ಈಗ ಹುರುಳಿ ಎರಡು ಪಾವು ಜಾಸ್ತಿ ಹಾಕುತ್ತಾಳೆ. "ದನದ ಪಾಲು ಮುಟ್ಟಬೇಡ" ಅಂತ ಎಚ್ಚರಿಕೆಯೂ ಉಂಟು.

ಇಷ್ಟೆಲ್ಲ ಆದರೂ ಹೊಸ ಮಳೆಗೆ ಮೀನು ಗದ್ದೆಗೆ ಹತ್ತಿ ಬಂದು, ಮನೆಯಲ್ಲಿ ಅದನ್ನು ಹುರಿಯೋಕೆ ಇಟ್ಟರೆ ಯಾವ ಕಾಳೂ ನನ್ನ ನೆರವಿಗೆ ಬರಲ್ಲ. ಅದು ಹೊಟ್ಟೆಯ ವಿಷಯವೇ ಅಲ್ಲವಲ್ಲ. ಅಂಥ ದಿನ ಏನಾದರೂ ಕೆಲಸ ಹುಡುಕಿಕೊಂಡು ಸುಮ್ನೆ ಪೇಟೆ ಕಡೆ ಗಾಡಿ ತಿರುಗಿಸುತ್ತೇನೆ.