ಏಳು ಡಬ್ಬಾಗಳ ರಿಪೇರಿ ದಿನಚರಿ: ವೈರಸ್ ಹೋದಮೇಲೂ ಉಳಿಯುವ ಎರರ್‌ಗಳು

1ನೇ ದಿನ

ರಾಯಚೂರಿನ ಹತ್ತಿ, ಭತ್ತದ ವ್ಯಾಪಾರದ ಗುಮಾಸ್ತರ ಮೇಜಿನಿಂದಲೂ ಡಿಟಿಪಿ ಅಂಗಡಿಗಳಿಂದಲೂ ಬಂದ ಏಳು ಸಿಸ್ಟಂ. ನಂಬರ್ ಹಾಕಿಕೊಂಡಂತೆ 1ರಿಂದ 4ನೆಯವು ವಿಂಡೋಸ್ 7. 5ರಿಂದ 7ನೆಯವು ವಿಂಡೋಸ್ 10. ದೂರು ಏಳಕ್ಕೂ ಒಂದೇ: ‘ವೈರಸ್ ಹೊಕ್ಕೈತ್ರಿ, ಫಾರ್ಮ್ಯಾಟ್ ಹೊಡದು ಕೊಡ್ರಿ.’ ಇಲ್ಲಿ ಫಾರ್ಮ್ಯಾಟ್ ಕೊನೆಯ ಉಪಾಯ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಇನ್‌ಸ್ಟಾಲರ್ ಯಾರ ಬಳಿಯೂ ಇಲ್ಲ. ‘ನುಡಿ’ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪಿಸಿದ ವರ್ಷಗಟ್ಟಲೆಯ ಕಡತ ಡೆಸ್ಕ್‌ಟಾಪ್ ಮೇಲೇ ಬಿದ್ದಿದೆ. ಎರಡನೇ ಕಾರಣ 4ನೇ ದಿನದ ಟಿಪ್ಪಣಿಯಲ್ಲಿದೆ.

ಮೊದಲ ಕೆಲಸ, ಹಾರ್ಡ್ ಡಿಸ್ಕ್ ಬಿಚ್ಚಿ ಸಾಟಾ–ಯುಎಸ್‌ಬಿ ಅಡಾಪ್ಟರ್‌ನಿಂದ ಲಿನಕ್ಸ್ ಯಂತ್ರಕ್ಕೆ ಜೋಡಿಸಿ ಡೇಟಾ ನಕಲು ಮಾಡುವುದು. ವಿಂಡೋಸ್ ಸ್ಕ್ರಿಪ್ಟ್ ಅಲ್ಲಿ ಓಡುವುದಿಲ್ಲ, ಹಿಡನ್ ಫೋಲ್ಡರ್‌ಗಳೂ ಕಾಣುತ್ತವೆ. ಜೊತೆಗೇ ಸ್ಮಾರ್ಟ್ ರೀಡಿಂಗ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿದಾಗ 5ನೇ ಸಿಸ್ಟಂನಲ್ಲಿ ಪೆಂಡಿಂಗ್ ಸೆಕ್ಟರ್, ಅಂದರೆ ಓದಲಾಗದೆ ನಿಂತ ಜಾಗ, 48 ಎಂದು ಬಂತು. ನಿಧಾನವಾಗುವುದು, ಫೈಲ್ ಕೆಡುವುದು, ನೀಲಿ ಪರದೆ: ಎಲ್ಲವೂ ವೈರಸ್‌ನ ಲಕ್ಷಣದಂತೆಯೇ ಕಂಡರೂ ಸಾಯುತ್ತಿರುವುದು ಡಿಸ್ಕ್. ಅದರ ಮೇಲೆ ಸ್ಕ್ಯಾನ್ ಓಡಿಸಿದರೆ ಉಳಿದಿರುವುದೂ ಹೋದೀತು. 240 ಜಿಬಿ ಎಸ್‌ಎಸ್‌ಡಿಗೆ ಆರ್ಡರ್. ಹೀಟ್‌ಸಿಂಕ್‌ಗಳಲ್ಲಿ ಹತ್ತಿಯ ನಾರು ಮೆತ್ತೆಯಾಗಿ ಕೂತಿತ್ತು. ಬ್ರಷ್ಷು, ಬ್ಲೋವರ್, ಅಷ್ಟೇ.

2ನೇ ದಿನ

1, 2, 3ರಲ್ಲಿ ಶಾರ್ಟ್‌ಕಟ್ ವೈರಸ್. ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ 1–2 ಕೆಬಿಯ ಶಾರ್ಟ್‌ಕಟ್ ಆಗಿವೆ. ಅಸಲಿ ಫೋಲ್ಡರ್‌ಗಳು ಅಲ್ಲೇ ಇವೆ, ಹಿಡನ್ ಮತ್ತು ಸಿಸ್ಟಂ ಗುರುತು ಹೊತ್ತು. ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಓದಿದರೆ ಗುಟ್ಟು ರಟ್ಟು: ಸಿಎಂಡಿ (ಕಮಾಂಡ್ ಪ್ರಾಂಪ್ಟ್) ಮೂಲಕ, ಸ್ಕ್ರಿಪ್ಟ್ ಓಡಿಸುವ ಡಬ್ಲ್ಯುಸ್ಕ್ರಿಪ್ಟ್‌ನಿಂದ ಒಂದು ವಿಬಿಎಸ್ ಸ್ಕ್ರಿಪ್ಟ್ ಫೈಲ್ ಓಡಿಸಿ, ಸಂಶಯ ಬಾರದಿರಲೆಂದು ನಿಜವಾದ ಫೋಲ್ಡರನ್ನೂ ತೆರೆಯುತ್ತದೆ.

ಬಹಳ ಜನ ತಪ್ಪುವುದು ಕೆಲಸದ ಕ್ರಮದಲ್ಲಿ. ಹಿಡನ್ ಗುರುತು ತೆಗೆಯುವ ಆಟ್ರಿಬ್ ಕಮಾಂಡ್ ನೇರವಾಗಿ ಕೊಟ್ಟರೆ ಫೋಲ್ಡರ್‌ಗಳು ಕಾಣಿಸಿಕೊಂಡು ಕೆಲವೇ ಸೆಕೆಂಡಿನಲ್ಲಿ ಮತ್ತೆ ಮಾಯ, ಏಕೆಂದರೆ ಹಿನ್ನೆಲೆಯ ಸ್ಕ್ರಿಪ್ಟ್ ಡ್ರೈವ್‌ಗಳನ್ನು ಕಾಯುತ್ತಲೇ ಇರುತ್ತದೆ. ಮೊದಲು ಟಾಸ್ಕ್ ಮ್ಯಾನೇಜರ್‌ನಲ್ಲಿ ಡಬ್ಲ್ಯುಸ್ಕ್ರಿಪ್ಟ್ ಪ್ರಾಸೆಸ್ ಮುಗಿಸಬೇಕು. ಆಮೇಲೆ ಸ್ಟಾರ್ಟ್‌ಅಪ್ ಫೋಲ್ಡರ್, ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಉಗ್ರಾಣ) ರನ್ ಕೀ, ಟಾಸ್ಕ್ ಶೆಡ್ಯೂಲರ್, ಟೆಂಪ್ ಫೋಲ್ಡರ್ ನಾಲ್ಕರಲ್ಲೂ ಅದರ ಬೇರು ಕೀಳಬೇಕು (ತಾನಾಗಿ ಶುರುವಾಗುವುದನ್ನೆಲ್ಲ ಪಟ್ಟಿ ಮಾಡುವ ಆಟೋರನ್ಸ್ ಪ್ರೋಗ್ರಾಂ ಇದ್ದರೆ ಮೊದಲ ಮೂರು ಒಂದೇ ಕಿಟಕಿಯಲ್ಲಿ ಸಿಗುತ್ತವೆ). ಪೆನ್‌ಡ್ರೈವ್‌ನ ಶಾರ್ಟ್‌ಕಟ್ ಮತ್ತು ವಿಬಿಎಸ್ ಅಳಿಸಿದ ಮೇಲಷ್ಟೇ: ಆಟ್ರಿಬ್ -ಎಚ್ -ಎಸ್ -ಆರ್ /ಎಸ್ /ಡಿ ಇ:\*.*

1 ಮತ್ತು 2ರಲ್ಲಿ ವಿಂಡೋಸ್ 7ರ ಸರ್ವಿಸ್ ಪ್ಯಾಕ್ 1 (ಅಪ್‌ಡೇಟ್‌ಗಳ ದೊಡ್ಡ ಕಟ್ಟು) ಕೂಡ ಇಲ್ಲ. ಪೆನ್‌ಡ್ರೈವ್ ಹಾಕಿದೊಡನೆ ತಾನಾಗಿ ಪ್ರೋಗ್ರಾಂ ಓಡುವುದನ್ನು ವಿಂಡೋಸ್ 7 ಮೊದಲಿಂದಲೇ ನಿಲ್ಲಿಸಿದೆ. ಅದಕ್ಕೇ ವೈರಸ್ ಬರೆಯುವವರು ಕ್ಲಿಕ್ ಮಾಡಿಸುವ ಶಾರ್ಟ್‌ಕಟ್ ಹಾದಿ ಹಿಡಿದರು. ಆದರೆ 2010ರ ಆಗಸ್ಟ್‌ನಲ್ಲಿ ಬಂದ ಎಂಎಸ್10-046 ಪ್ಯಾಚ್ ಇಲ್ಲದ ಸಿಸ್ಟಂಗೆ ಕ್ಲಿಕ್ಕೂ ಬೇಡ. ಅದಕ್ಕೆಂದೇ ಹೆಣೆದ ಶಾರ್ಟ್‌ಕಟ್ ಇದ್ದರೆ ಫೋಲ್ಡರ್ ತೆರೆದು ಐಕಾನ್ ಕಂಡರೆ ಸಾಕು, ಕೋಡ್ ಓಡುತ್ತದೆ.

3ನೇ ದಿನ

ಸ್ಕ್ಯಾನ್‌ನಲ್ಲಿ ಏನೂ ಸಿಗುತ್ತಿಲ್ಲ, ಎರರ್ ಮಾತ್ರ ನಿಂತಿಲ್ಲ. ವೈರಸ್ ಸತ್ತಿದೆ, ಅದು ತಿರುಚಿಟ್ಟ ಸೆಟ್ಟಿಂಗ್ ಹಾಗೇ ಉಳಿದಿದೆ. ಆಂಟಿವೈರಸ್ ಫೈಲ್ ಅಳಿಸುತ್ತದೆ, ಇಂಥ ಸೆಟ್ಟಿಂಗ್ ಎಷ್ಟೋ ಸಲ ಮುಟ್ಟುವುದಿಲ್ಲ.

3ರಲ್ಲಿ ಪಾಸ್‌ವರ್ಡ್ ಕೊಟ್ಟ ಕೂಡಲೇ ಲಾಗ್‌ಆನ್, ಮರುಕ್ಷಣ ಲಾಗ್‌ಆಫ್. ಲಾಗ್‌ಆನ್ ಆದೊಡನೆ ಏನು ಓಡಬೇಕೆಂದು ಬರೆದಿಡುವ ಜಾಗವಾದ, ರಿಜಿಸ್ಟ್ರಿಯ ವಿನ್‌ಲಾಗಾನ್ ಕೀಯ ಯೂಸರ್‌ಇನಿಟ್ ಮೌಲ್ಯದಲ್ಲಿ ವೈರಸ್ ತನ್ನ ಫೈಲಿನ ದಾರಿ ಬರೆದಿತ್ತು, ಆಂಟಿವೈರಸ್ ಆ ಫೈಲ್ ಅಳಿಸಿತು. ಈಗ ಲಾಗ್‌ಆನ್ ಆದಮೇಲೆ ಓಡಬೇಕಾದದ್ದೇ ಇಲ್ಲ. ಇನ್‌ಸ್ಟಾಲ್ ಡಿವಿಡಿಯಿಂದ ಬೂಟ್ ಮಾಡಿ, ರಿಪೇರಿ ಪರದೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೆಜ್‌ಎಡಿಟ್ (ರಿಜಿಸ್ಟ್ರಿ ತಿದ್ದುವ ಪ್ರೋಗ್ರಾಂ) ತೆರೆದು, ಲೋಡ್ ಹೈವ್‌ನಿಂದ ಆ ಡಿಸ್ಕ್‌ನ ರಿಜಿಸ್ಟ್ರಿ ಫೈಲಾದ ಸಾಫ್ಟ್‌ವೇರ್ ಹೈವ್ ಎತ್ತಿಕೊಂಡು ಸರಿಪಡಿಸಿದ್ದು. ಅಲ್ಲಿ ಸಿ ಡ್ರೈವ್ ಅಕ್ಷರ ಡಿ ಆಗಿರಬಹುದು, ನೋಡಿಕೊಳ್ಳಿ. ಆದರೆ ಬರೆಯಬೇಕಾದ ದಾರಿ ಸಿ:\ವಿಂಡೋಸ್\ಸಿಸ್ಟಂ32\ಯೂಸರ್‌ಇನಿಟ್.ಇಎಕ್ಸ್‌ಇ, ಕೊನೆಗೊಂದು ಅಲ್ಪವಿರಾಮ ಸಹಿತ.

2ರಲ್ಲಿ ಆಂಟಿವೈರಸ್ ಇನ್‌ಸ್ಟಾಲರ್ ಕಣ್ಣೆದುರೇ ಇದ್ದರೂ ‘ಫೈಲ್ ಸಿಗುತ್ತಿಲ್ಲ’ ಎಂಬ ಎರರ್. ರಿಜಿಸ್ಟ್ರಿಯ ಇಮೇಜ್ ಫೈಲ್ ಎಕ್ಸಿಕ್ಯೂಷನ್ ಆಪ್ಷನ್ಸ್ ಅಡಿಯಲ್ಲಿ ಆ ಇನ್‌ಸ್ಟಾಲರ್ ಹೆಸರಿಗೆ ಡಿಬಗ್ಗರ್ ಎಂಬ ಮೌಲ್ಯ ಅಂಟಿಸಲಾಗಿತ್ತು; ಅದಿದ್ದರೆ ಆ ಹೆಸರಿನ ಫೈಲ್ ಬದಲು ಬೇರೊಂದನ್ನು ಓಡಿಸಲು ವಿಂಡೋಸ್ ಹೋಗುತ್ತದೆ. ಫೈಲಿನ ಹೆಸರು ಬದಲಿಸಿದರೆ ಓಡುತ್ತದೆ ಎಂದಾದರೆ ರೋಗ ಇದೇ. 4ರಲ್ಲಿ ಬ್ರೌಸರ್ ಸತ್ತಿದ್ದಕ್ಕೆ ಕಾರಣ 127.0.0.1ಕ್ಕೆ, ಅಂದರೆ ಅದೇ ಯಂತ್ರಕ್ಕೆ, ತಿರುಗಿಸಿಟ್ಟ ಪ್ರಾಕ್ಸಿ (ಇಂಟರ್‌ನೆಟ್‌ಗೆ ಹೋಗುವ ನಡುವಿನ ದಾರಿ). ತಾಣದ ಹೆಸರಿಗೆ ವಿಳಾಸ ಹೇಳುವ ಹೋಸ್ಟ್ಸ್ ಫೈಲಿನಲ್ಲಿ ಅಪ್‌ಡೇಟ್ ತಾಣಗಳನ್ನು ತಡೆಯುವ ಸಾಲುಗಳೂ ಇದ್ದವು. ನೋಟ್‌ಪ್ಯಾಡ್‌ನಲ್ಲಿ ಕೆಳಗಿನವರೆಗೂ ಸ್ಕ್ರಾಲ್ ಮಾಡಬೇಕು. ನಡುವೆ ನೂರಾರು ಖಾಲಿ ಸಾಲು ತುಂಬಿ ಬಚ್ಚಿಟ್ಟಿರುತ್ತಾರೆ.

4ನೇ ದಿನ

ವಿಂಡೋಸ್ 7ರ ಅಪ್‌ಡೇಟ್. ಮೊದಲು ಗಡಿಯಾರ: 1ರ ಸಿಆರ್2032 ಬ್ಯಾಟರಿಯಲ್ಲಿ 3 ವೋಲ್ಟ್ ಇರಬೇಕಾದಲ್ಲಿ 2.4. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತದೆ, ಸರ್ಟಿಫಿಕೇಟ್‌ಗಳು ‘ಇನ್ನೂ ಹುಟ್ಟಿಲ್ಲ’ ಎಂದಾಗುತ್ತದೆ, ಅಪ್‌ಡೇಟ್ ತಾಣ ತೆರೆಯುವುದೇ ಇಲ್ಲ. ಬೇರೆ ಬ್ಯಾಟರಿ ಹಾಕಿದ್ದಾಯಿತು.

ಫಾರ್ಮ್ಯಾಟ್ ಯಾಕೆ ಬೇಡ ಎಂಬುದಕ್ಕೆ ಎರಡನೇ ಕಾರಣ ಇಲ್ಲಿದೆ. ವಿಂಡೋಸ್ 7ರ ಹಳೇ ಡಿವಿಡಿಗೆ ಎಸ್‌ಎಚ್‌ಎ-2 ಸಹಿ (ಅಪ್‌ಡೇಟ್ ಅಸಲಿ ಎಂದು ಸಾಬೀತುಪಡಿಸುವ ಡಿಜಿಟಲ್ ಗುರುತು) ಗುರುತಿಸಲು ಬಾರದು, 2020ರ ಆಗಸ್ಟ್‌ನಿಂದ ಅಪ್‌ಡೇಟ್ ಸರ್ವರ್ ಅದಿಲ್ಲದೆ ಮಾತೇ ಆಡುವುದಿಲ್ಲ. ಹಾಗಾಗಿ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಸಿಸ್ಟಂ ಇನ್ನಷ್ಟು ಬೆತ್ತಲೆ. ಕೈಯಿಂದಲೇ ಹಾಕಬೇಕಾದ ಸರಪಳಿ ಇದು: ಸರ್ವಿಸ್ ಪ್ಯಾಕ್ 1 (64 ಬಿಟ್‌ಗೆ ಸುಮಾರು 900 ಎಂಬಿ), ಆಮೇಲೆ ಕೆಬಿ 4490628 (ಇಲ್ಲಿ ಕೆಬಿ ಎಂದರೆ ಮೈಕ್ರೋಸಾಫ್ಟ್ ಅಪ್‌ಡೇಟ್‌ನ ನಂಬರ್), ಆಮೇಲೆ ಕೆಬಿ 4474419, ರೀಸ್ಟಾರ್ಟ್, ಕೊನೆಗೆ 2020ರ ಜನವರಿ 14ರ ರೋಲ್‌ಅಪ್ (ಹಿಂದಿನ ಪ್ಯಾಚ್‌ಗಳೂ ಸೇರಿದ ಕಟ್ಟು) ಕೆಬಿ 4534310. ಉಚಿತ ಬೆಂಬಲ ಮುಗಿದದ್ದು ಅದೇ ದಿನ. 4474419 ಬಿಟ್ಟು ಮುಂದಿನದಕ್ಕೆ ಜಿಗಿದರೆ 80092004 ಎಂಬ ಎರರ್. 1ರಲ್ಲಿ ಆದದ್ದು ಅದೇ, ಅರ್ಧ ಗಂಟೆ ದಂಡ.

ಇವನ್ನೆಲ್ಲ ಶುದ್ಧ ಯಂತ್ರದಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಿಂದ ಇಳಿಸಿ ಡಿವಿಡಿಗೆ ಸುಟ್ಟಿದ್ದೇವೆ. ಪೆನ್‌ಡ್ರೈವ್‌ನಲ್ಲಿ ಒಯ್ದರೆ ವೈರಸ್ ಅದರೊಳಗೆ ಬರೆದುಕೊಳ್ಳುತ್ತದೆ, ಸುಟ್ಟು ಮುಗಿಸಿದ ಡಿವಿಡಿಯಲ್ಲಿ ಆ ಭಯವಿಲ್ಲ.

ಆ ರೋಲ್‌ಅಪ್‌ನಲ್ಲಿ ಎಂಎಸ್17-010 ಕೂಡ ಸೇರಿದೆ. 2017ರ ಮಾರ್ಚ್‌ನಲ್ಲೇ ಬಂದಿದ್ದ ಆ ಪ್ಯಾಚ್ ಹಾಕದ ಯಂತ್ರಗಳನ್ನು ಅದೇ ವರ್ಷದ ಮೇ ತಿಂಗಳಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಹಿಡಿಯಿತು, ಅದೂ ಯಾರೂ ಏನೂ ಕ್ಲಿಕ್ ಮಾಡದೆ, ನೆಟ್‌ವರ್ಕ್‌ನ 445ನೇ ಪೋರ್ಟ್ ಮೂಲಕ. ಅಂಗಡಿಯಲ್ಲಿ ಪ್ರಿಂಟರ್ ಹಂಚಿಕೊಳ್ಳಲು ಎಳೆದ ಕೇಬಲ್ಲೇ ಅದಕ್ಕೆ ದಾರಿ.

ಬಿಲ್ಲಿಂಗ್ ಸಾಫ್ಟ್‌ವೇರ್ ‘ಎಪಿಐ-ಎಂಎಸ್-ವಿನ್-ಸಿಆರ್‌ಟಿ-ರನ್‌ಟೈಮ್ ಡಿಎಲ್‌ಎಲ್ ಇಲ್ಲ’ ಎಂದು ನಿಂತಿದ್ದಕ್ಕೆ (ಡಿಎಲ್‌ಎಲ್ ಎಂದರೆ ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲ್) ಮದ್ದು ಕೆಬಿ 2999226. ಇದೂ ವೈರಸ್ ಅಲ್ಲ, ಹಾಕದೇ ಬಿಟ್ಟ ಅಪ್‌ಡೇಟ್. ಬಿಡಿ ಡಿಎಲ್‌ಎಲ್ ಹಂಚುವ ಯಾವುದೋ ತಾಣದಿಂದ ಫೈಲ್ ಇಳಿಸಿ ಸಿಸ್ಟಂ32ಕ್ಕೆ ತುರುಕುವುದು ಮಾತ್ರ ಕೇಡಿನ ಕೆಲಸ. 32 ಬಿಟ್ಟಿನದು 64ರಲ್ಲಿ ಕೂರುವುದಿಲ್ಲ, ಮೇಲಾಗಿ ಹೊಸ ವೈರಸ್ಸನ್ನು ನಾವೇ ಕರೆತಂದಂತೆ.

6ನೇ ದಿನ

6ರಲ್ಲಿ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿ ಸಿಸ್ಟಂ ಫೈಲ್‌ಗಳು ಅರೆಬರೆ. ಸಿಸ್ಟಂ ಫೈಲ್ ಪರೀಕ್ಷಿಸಿ ತಿದ್ದುವ ಎಸ್‌ಎಫ್‌ಸಿ /ಸ್ಕ್ಯಾನ್‌ನೌ ‘ಕೆಲವು ಸರಿಪಡಿಸಲಾಗಲಿಲ್ಲ’ ಎಂದಿತು, ಏಕೆಂದರೆ ಅದು ಒಳ್ಳೆಯ ಪ್ರತಿ ತರುವ ಉಗ್ರಾಣವೇ ಕೆಟ್ಟಿದೆ. ಅದೇ ಆವೃತ್ತಿಯ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್‌ನ ಫೈಲ್ ಪ್ರತಿ) ಮೌಂಟ್ ಮಾಡಿ, ಆ ಉಗ್ರಾಣ ರಿಪೇರಿ ಮಾಡುವ ಡಿಸ್ಮ್‌ನ ರೀಸ್ಟೋರ್‌ಹೆಲ್ತ್‌ಗೆ ಅದನ್ನೇ ಸೋರ್ಸ್ ಎಂದು ತೋರಿಸಿ, ಮತ್ತೆ ಎಸ್‌ಎಫ್‌ಸಿ. ಆಮೇಲೆ ಸರಿಹೋಯಿತು. ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಬದಲಿಸದೆ ಈ ಊರಲ್ಲಿ ಬೇಸಿಗೆಯಲ್ಲಿ ಅಪ್‌ಡೇಟ್‌ಗೆ ಕೈ ಹಾಕಬಾರದು.

7ರಲ್ಲಿ ಎರರ್ 80070422: ಅಪ್‌ಡೇಟ್ ಸರ್ವಿಸ್ ಡಿಸೇಬಲ್. ಎನೇಬಲ್ ಮಾಡಿದರೆ ರೀಸ್ಟಾರ್ಟ್ ನಂತರ ಮತ್ತೆ ಡಿಸೇಬಲ್. ಬೇರು ಟಾಸ್ಕ್ ಶೆಡ್ಯೂಲರ್‌ನಲ್ಲಿತ್ತು, ಲೈಸೆನ್ಸ್ ಇಲ್ಲದೆ ವಿಂಡೋಸ್ ಓಡಿಸುವ ಕ್ರ್ಯಾಕ್ ಆಕ್ಟಿವೇಟರ್ ಬಿಟ್ಟುಹೋದ ಟಾಸ್ಕ್. ಅದೇ ಪ್ರೋಗ್ರಾಂ ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ (ಸ್ಕ್ಯಾನ್ ಮಾಡಬೇಡ ಎನ್ನುವ) ಪಟ್ಟಿಗೆ ಇಡೀ ಸಿ ಡ್ರೈವ್ ಸೇರಿಸಿತ್ತು. ಇನ್ನು ಸ್ಕ್ಯಾನ್ ‘ಎಲ್ಲ ಶುದ್ಧ’ ಎನ್ನದೆ ಇನ್ನೇನು ಅಂದೀತು? ಪಟ್ಟಿ ಖಾಲಿ ಮಾಡಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಟ್ಟಾಗ ಮೂರು ಸಿಕ್ಕವು.

ಆದರೂ 7ರಲ್ಲಿ ಕೆಬಿ 5034441 ಒಂದು ಎರರ್ 80070643 ಎಂದು ಬೀಳುತ್ತಲೇ ಇತ್ತು. ಇದರಲ್ಲಿ ವೈರಸ್ ಪಾಲಿಲ್ಲ: ರಿಕವರಿ ಪಾರ್ಟಿಶನ್‌ನಲ್ಲಿ ಜಾಗ ಸಾಲದು. ರಿಏಜೆಂಟ್‌ಸಿ /ಡಿಸೇಬಲ್ ಎಂದು ರಿಕವರಿಯನ್ನು ನಿಲ್ಲಿಸಿ, ಸಿ ಡ್ರೈವ್ 250 ಎಂಬಿ ಕುಗ್ಗಿಸಿ, ರಿಕವರಿ ಪಾರ್ಟಿಶನ್ ಅಳಿಸಿ ದೊಡ್ಡದಾಗಿ ಮತ್ತೆ ಮಾಡಿ, ರಿಏಜೆಂಟ್‌ಸಿ /ಎನೇಬಲ್.

8ನೇ ದಿನ

ಆರು ಸಿಸ್ಟಂ ವಾಪಸ್ ಹೋದವು. ವಿಂಡೋಸ್ 7ರ ನಾಲ್ಕಕ್ಕೂ ಇಂಟರ್‌ನೆಟ್ ಕೇಬಲ್ ಕಳಚಿ, ಪ್ರಿಂಟರ್ ಯುಎಸ್‌ಬಿಯಲ್ಲಿ ನೇರ ಜೋಡಿಸಲಾಗಿದೆ. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ವಿಂಡೋಸ್ 11 ಹಾಕಲು ಆಗುತ್ತದೆಯೇ ಎಂದು ನೋಡಲು 6 ಮತ್ತು 7ರ ಪ್ರಾಸೆಸರ್, ಟಿಪಿಎಂ (ಭದ್ರತಾ ಚಿಪ್) ವಿವರ ಬರೆದಿಟ್ಟಿದ್ದೇವೆ. 5ರ ಎಸ್‌ಎಸ್‌ಡಿ ಇನ್ನೂ ಬಂದಿಲ್ಲ.