ಮೈಸೂರು–ಕಲಬುರಗಿ: 'ಒಂದೂಕಾಲು ಗಂಟೆ ಹಾರಾಟ' ನಂಬಿ ಹೊರಡಬೇಡಿ

ಮೈಸೂರಿನಿಂದ ಕಲಬುರಗಿ ಹತ್ತಿರದ ದತ್ತ ಕ್ಷೇತ್ರ ಗಾಣಗಾಪುರಕ್ಕೆ ಹೋಗುವ ಯೋಚನೆ ಇರುವವರು ವಿಮಾನದ ಲೆಕ್ಕ ಹಾಕುವ ಮುಂಚೆ ಇದನ್ನೊಮ್ಮೆ ಓದಿ.

ಮೈಸೂರು–ಕಲಬುರಗಿ ವಿಮಾನ ಅಂತ ಹುಡುಕಿದರೆ ದೂರ 560 ಕಿ.ಮೀ. ಆಸುಪಾಸು, ಹಾರಾಟ ಒಂದೂಕಾಲು ಗಂಟೆ ಎಂದು ತೋರಿಸುವ ಜಾಲತಾಣಗಳು ಸಾಲುಗಟ್ಟಿ ಬರುತ್ತವೆ. ದೂರವೇನೋ ಸರಿ. ಆದರೆ ನಾವು ಹೊರಟಾಗ ಈ ಎರಡು ಊರುಗಳ ನಡುವೆ ನೇರ ವಿಮಾನವೇ ಇರಲಿಲ್ಲ! ಆ ತಾಣಗಳು ಮಾಡುವುದಿಷ್ಟು: ಎರಡು ನಿಲ್ದಾಣಗಳ ನಡುವೆ ಗೆರೆ ಎಳೆದು, ಗಂಟೆಗೆ 800 ಕಿ.ಮೀ.ನಂತೆ ಭಾಗಿಸಿ, ಏರಿಳಿಯಲು ಅರ್ಧ ಗಂಟೆ ಕೂಡಿಸುತ್ತವೆ. ಆ ದಾರಿಯಲ್ಲಿ ಯಾರಾದರೂ ಹಾರುತ್ತಾರೋ ಇಲ್ಲವೋ ನೋಡುವುದೇ ಇಲ್ಲ. ಅದೂ ಅಲ್ಲದೆ ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯ ರನ್‌ವೇ ಇರುವುದು 1,740 ಮೀಟರ್, ದೊಡ್ಡ ಜೆಟ್‌ಗೆ ಅದು ಸಾಲದು. ಅಲ್ಲಿಗೆ ಬರುವುದು ಎಟಿಆರ್‌ನಂಥ ಚಿಕ್ಕ ವಿಮಾನ, ಅದರ ವೇಗ ಗಂಟೆಗೆ 500 ಕಿ.ಮೀ. ಹತ್ತಿರ. ನೇರವಾಗಿ ಹಾರಿದ್ದರೂ ಆ ಒಂದೂಕಾಲು ಗಂಟೆ ಸುಳ್ಳೇ.

ಹಾಗಾಗಿ ನಾನು ಮತ್ತು ಅಮ್ಮ ಬೆಂಗಳೂರು ಸುತ್ತಿ ಹೋದೆವು. ಮೈಸೂರಿನಿಂದ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ಸಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು, ಅಲ್ಲಿ ತಪಾಸಣೆ, ಕಾಯುವುದು, ಆಮೇಲೆ ಗಾಳಿಯಲ್ಲಿ ಒಂದು ಗಂಟೆ. ಬೆಳಗಿನ ಜಾವ ಮನೆಯ ಬಾಗಿಲು ಹಾಕಿದವರು ಕಲಬುರಗಿಯಲ್ಲಿ ರೂಮು ಸೇರುವಾಗ ಸಂಜೆ. ಮಂಡಿ ನೋವಿರುವ ಹಿರಿಯರಿಗೆ ಆ ಬಸ್ಸೇ ಸಾಕುಸಾಕಾಗುತ್ತದೆ.

ಕಲಬುರಗಿ ನಿಲ್ದಾಣ ಇರುವುದು ಊರಾಚೆ, ಸೇಡಂ ರಸ್ತೆಯ ಕಡೆ. ಹೊರಗೆ ನಿಂತಿದ್ದ ಟ್ಯಾಕ್ಸಿಯವನು ಬೇರೆ ಗಾಡಿ ಇಲ್ಲವೆಂದು ಗೊತ್ತಾಗಿ ಬಾಯಿಗೆ ಬಂದ ದರ ಹೇಳಿದ. ವಾಪಸ್ ಹೋಗುವಾಗ ಲಾಡ್ಜಿನವರು ಗೊತ್ತುಮಾಡಿಕೊಟ್ಟ ಆಟೋ ಅದರ ಅರ್ಧಕ್ಕೆ ಬಂತು. ಇಳಿಯುವ ಮುಂಚೆಯೇ ಲಾಡ್ಜಿಗೆ ಫೋನ್ ಮಾಡಿ ಗಾಡಿ ಹೇಳಿಡಿ.

ಆ ಸಿಟ್ಟು ಇಳಿಸಿದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸಣ್ಣ ಖಾನಾವಳಿ. ಕೂರುವ ಜಾಗದಿಂದಲೇ ಒಲೆ ಕಾಣುತ್ತದೆ. ಒಬ್ಬ ತಾಯಿ ಜೋಳದ ಹಿಟ್ಟಿನ ಉಂಡೆಯನ್ನು ಟಪಟಪ ಬಡಿದು ತಾಟಿನಗಲ ಮಾಡಿ, ಹೆಂಚಿಗೆ ಹಾಕಿ, ಮೇಲೆ ನೀರು ಸವರಿ ತಿರುವುತ್ತಿದ್ದರು. ಉಬ್ಬಿದ ರೊಟ್ಟಿ ನೇರ ತಟ್ಟೆಗೆ. ಜೊತೆಗೆ ಎಣ್ಣೆಗಾಯಿ, ಹುಳಿಹುಳಿ ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಈ ನಾಡಿನ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದು ಯಾಕೆಂದು ಅಲ್ಲಿನ ಬೇಳೆ ಉಂಡರೆ ತಿಳಿಯುತ್ತದೆ. "ಅವ್ವಾರ, ಇನ್ನೊಂದ ಬಿಸಿ ರೊಟ್ಟಿ ಹಾಕಲೇನ್ರಿ?" ಎಂದು ಕೇಳಿಕೇಳಿ ಬಡಿಸಿದರು. ಅಮ್ಮ ಅಷ್ಟು ಉಂಡಿದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ರಾತ್ರಿಯೂ ಅಲ್ಲಿಗೇ ಹೋದೆವು.

ಗಾಣಗಾಪುರಕ್ಕೆ ಕಲಬುರಗಿಯಿಂದ ಸರ್ಕಾರಿ ಬಸ್ಸು ಸಾಕು. ಗುರುವಾರ, ಹುಣ್ಣಿಮೆ ಬಿಟ್ಟು ಹೋಗಿ. ನನಗಂತೂ ಆ ನೂಕುನುಗ್ಗಲು ಆಗದು.

ಇನ್ನು, ಸಣ್ಣ ಊರುಗಳ ವಿಮಾನ ಇವತ್ತಿದ್ದದ್ದು ಮುಂದಿನ ವರ್ಷ ಇರುತ್ತದೆಂಬ ಭರವಸೆಯಿಲ್ಲ. ಸಣ್ಣ ಊರುಗಳಿಗೆ ವಿಮಾನ ಹಾರಿಸುವ ಕೇಂದ್ರದ ಉಡಾನ್ ಯೋಜನೆಯ ಮಾರ್ಗಗಳಿಗೆ ಸಹಾಯಧನ ಸಿಗುವುದು ಮೂರು ವರ್ಷ. ಅದು ಮುಗಿದ ಮೇಲೆ ಸೀಟು ತುಂಬದಿದ್ದರೆ ಕಂಪನಿಗಳು ನಿಲ್ಲಿಸಿಬಿಡುತ್ತವೆ. ದೂರ ತೋರಿಸುವ ತಾಣ ಬಿಟ್ಟು, ನೀವು ಹೋಗುವ ತಾರೀಖು ಹಾಕಿ ವಿಮಾನ ಕಂಪನಿಯ ತಾಣದಲ್ಲೇ ನೋಡಿ. ಮೈಸೂರಿನವರಿಗೆ ನನ್ನ ಸಲಹೆ ಬಸವ ಎಕ್ಸ್‌ಪ್ರೆಸ್ ರೈಲು. ಮೈಸೂರಿನಲ್ಲಿ ಹತ್ತಿದರೆ ಬೆಂಗಳೂರು, ರಾಯಚೂರು ದಾಟಿ ಗಾಡಿ ಬದಲಿಸದೆ ಕಲಬುರಗಿ. ಹಿರಿಯರಿದ್ದರೆ ಕೆಳಗಿನ ಬರ್ತ್ ಸಿಗುವಂತೆ ಬೇಗ ಬುಕ್ ಮಾಡಿ.